ಪಿಜಿಗೆ ಬಂದ ಮೇಲೆ ಇದು ಮೂರನೇ ಸಲ: ಊರಿನಲ್ಲಿ ಇಲ್ಲದ ಸೋಂಕು ಬೆಂಗಳೂರಿನಲ್ಲಿ ಏಕೆ?

ಹಾವೇರಿ ಏಲಕ್ಕಿ · ಭಾನುವಾರ, ರಾತ್ರಿ 10:40

ನಿಜವಾದ ಹೆಸರು ಹಾಕುವ ಧೈರ್ಯ ಇಲ್ಲ. ಈ ಮಾತನ್ನು ಪಕ್ಕದ ಮಂಚದವಳಿಗೂ ಹೇಳಿಲ್ಲ.

ನನಗೆ 25 ವರ್ಷ. ಹೋದ ಜೂನ್‌ನಲ್ಲಿ ಕೆಲಸಕ್ಕೆಂದು ಬೆಂಗಳೂರಿಗೆ ಬಂದೆ. ಮಾರತಹಳ್ಳಿಯ ಹತ್ತಿರ ಒಂದು ಪಿಜಿಯಲ್ಲಿದ್ದೇನೆ. ಬಂದ ಮೂರನೇ ತಿಂಗಳಿಗೆ ಕೆಳಗೆ ತುರಿಕೆ ಶುರುವಾಯಿತು, ಒಡೆದ ಮೊಸರಿನಂತೆ ಬಿಳಿ ಹೋಗತೊಡಗಿತು. ಔಷಧ ಅಂಗಡಿಗೆ ಹೋದರೆ ಕೌಂಟರಿನಲ್ಲಿ ನನ್ನ ತಮ್ಮನ ವಯಸ್ಸಿನ ಹುಡುಗ. ಬಾಯಿ ಬಿಡಲಾಗದೆ "ತುರಿಕೆಗೆ ಏನಾದರೂ ಕೊಡಿ" ಎಂದೆ. "ಗಜಕರ್ಣಕ್ಕಾ?" ಎಂದು ಕೇಳಿದ. ತಲೆಯಾಡಿಸಿದೆ. ಒಂದು ಟ್ಯೂಬು ಕೊಟ್ಟ, ಎರಡೇ ದಿನದಲ್ಲಿ ಗುಣವಾಯಿತು. ಎರಡು ತಿಂಗಳ ನಂತರ ಮತ್ತೆ ಬಂತು, ಮತ್ತೆ ಅದೇ ಟ್ಯೂಬು. ಇದು ಮೂರನೇ ಸಲ. ಈಗ ತುರಿಕೆಗಿಂತ ಉರಿ ಹೆಚ್ಚು. ಆಫೀಸಿನ ಕುರ್ಚಿಯಲ್ಲಿ ಒಂದು ಕಡೆಗೆ ವಾಲಿ ಕುಳಿತುಕೊಳ್ಳುತ್ತೇನೆ.

ಪಿಜಿಗೆ ಬರುವುದು ಟ್ಯಾಂಕರ್ ನೀರು. ಬಕೆಟ್ಟಿನ ಅಂಚಿನಲ್ಲಿ ಸುಣ್ಣ ಬಳಿದಂತೆ ಬಿಳಿ ಪದರ ಕಟ್ಟಿದೆ, ಸೋಪು ನೊರೆ ಬರುವುದಿಲ್ಲ. ಅದಕ್ಕೇ ಭಯವಾಗಿ ನಂಜುನಾಶಕ ದ್ರವವನ್ನು ಒಂದು ಮುಚ್ಚಳ ಬಕೆಟ್ಟಿಗೆ ಹಾಕಿ ದಿನಕ್ಕೆರಡು ಬಾರಿ ತೊಳೆದುಕೊಳ್ಳುತ್ತಿದ್ದೇನೆ. ಆರು ಜನಕ್ಕೆ ಒಂದು ಬಚ್ಚಲು. ಇನ್ನೊಂದು ವಿಷಯ: ಒಳಉಡುಪನ್ನು ಮಹಡಿಯ ಮೇಲೆ ಒಣಹಾಕುವಂತಿಲ್ಲ, ಎದುರು ಮನೆಯವರಿಗೆ ಕಾಣುತ್ತದೆ ಎಂದು ಮಾಲೀಕರ ಆಕ್ಷೇಪ. ಓಣಿಯಂಥ ಪ್ಯಾಸೇಜಿನಲ್ಲಿ ತಂತಿ ಕಟ್ಟಿದ್ದಾರೆ. ಅಲ್ಲಿಯೂ ಟವೆಲಿನ ಕೆಳಗೆ ಮುಚ್ಚಿ ಹಾಕುತ್ತೇವೆ. ಬೆಳಿಗ್ಗೆ ಮುಟ್ಟಿದರೆ ಸೊಂಟದ ಪಟ್ಟಿ ಇನ್ನೂ ತಣ್ಣಗಿರುತ್ತದೆ. ಹಾಗೆಯೇ ಹಾಕಿಕೊಂಡು ಹೋಗುತ್ತೇನೆ.

ಅಮ್ಮ ಫೋನಿನಲ್ಲಿ "ಉಷ್ಣ ಆಗಿದೆ, ಎಳನೀರು ಕುಡಿ" ಎನ್ನುತ್ತಾಳೆ. ಕಾವೇರಿ ನೀರು ಬರುವ ಇನ್ನೊಂದು ಪಿಜಿ ನೋಡಿದ್ದೇನೆ, ಬಾಡಿಗೆ 2,000 ರೂಪಾಯಿ ಜಾಸ್ತಿ. ಇದು ನೀರಿನದೇ ತಪ್ಪಾಗಿದ್ದರೆ ಬದಲಾಯಿಸಲೇ?

ಸೀಗೆಕಾಯಿ · ಭಾನುವಾರ, ರಾತ್ರಿ 11:15

ಮಗಳೇ, ನಿನ್ನ ಅಮ್ಮ ಹೇಳಿದ್ದು ಸರಿ. ಎಸಿಯ ಕೆಳಗೆ ಕೂರುವುದು, ಹೊರಗಿನ ಊಟ, ರಾತ್ರಿ ಒಂದರವರೆಗೆ ಮೊಬೈಲ್, ಮೈ ಉಷ್ಣವಾಗದೆ ಇನ್ನೇನಾಗುತ್ತದೆ? ರಾತ್ರಿ ಮೆಂತ್ಯ ನೆನೆಸಿಟ್ಟು ಬೆಳಿಗ್ಗೆ ಖಾಲಿ ಹೊಟ್ಟೆಗೆ ಕುಡಿ. ನಾವು ತುಮಕೂರಿನ ಹಳ್ಳಿಯಲ್ಲಿದ್ದಾಗ ಬಿಳಿ ಸೆರಗು ಎನ್ನುವುದು ಯಾರಿಗೂ ಇರಲಿಲ್ಲ. ಈ ಸೋಂಕುಗಳೆಲ್ಲ ಪಟ್ಟಣದ ಕೊಡುಗೆ.

ಅಂಕಿಸಂಖ್ಯೆ · ಸೋಮವಾರ, ಬೆಳಿಗ್ಗೆ 7:50

ಸೀಗೆಕಾಯಿ ಅಮ್ಮಾ, ಇರಲಿಲ್ಲವೋ, ಇದ್ದರೂ ಯಾರೂ ಹೇಳುತ್ತಿರಲಿಲ್ಲವೋ?

ನಾನು ಮೈಸೂರಿನಲ್ಲಿ ಸಮುದಾಯ ಆರೋಗ್ಯ ಓದುತ್ತಿದ್ದೇನೆ. ದೆಹಲಿಯ ಹೆಂಗಸರ ಮೇಲಿನ ಒಂದು ಅಧ್ಯಯನ 2007ರಲ್ಲಿ ಪ್ರಕಟವಾಗಿತ್ತು. ಬ್ಯಾಕ್ಟೀರಿಯಲ್ ವಜೈನೋಸಿಸ್, ಅಂದರೆ ಯೋನಿಯ ಒಳ್ಳೆಯ ಬ್ಯಾಕ್ಟೀರಿಯಾ ಕಡಿಮೆಯಾಗಿ ಬೇರೆಯವು ತುಂಬಿಕೊಳ್ಳುವ ಸ್ಥಿತಿ, ಎಷ್ಟು ಜನರಲ್ಲಿದೆ ಎಂದು ನೋಡಿದರು. ಕೊಳೆಗೇರಿಯಲ್ಲಿ ನೂರಕ್ಕೆ 38.6, ಹಳ್ಳಿಯಲ್ಲಿ 28.8, ನಗರದ ಮಧ್ಯಮ ವರ್ಗದಲ್ಲಿ 25.4. ಹಳ್ಳಿಯ ಅಂಕಿ ನಡುವೆ ಸಿಕ್ಕಿಹಾಕಿಕೊಂಡಿದೆ ನೋಡಿ. ಹಾಗಿದ್ದರೆ "ನಗರ" ಎಂದು ಬೈಯುವುದು ಯಾವ ನಗರವನ್ನು? ನಲ್ಲಿ ಮನೆಯೊಳಗೇ ಇರುವ ನಗರವನ್ನೋ, ಬೀದಿ ನಲ್ಲಿಯ ಮುಂದೆ ಬಿಂದಿಗೆ ಸಾಲು ಇಡುವ ನಗರವನ್ನೋ?

ನಮ್ಮ ಮೈಸೂರಿನಲ್ಲೇ 2005–06ರಲ್ಲಿ ಸುಮಾರು 900 ಯುವತಿಯರನ್ನು ಪರೀಕ್ಷಿಸಿದಾಗ ಹೆಚ್ಚುಕಡಿಮೆ ಐವರಲ್ಲಿ ಒಬ್ಬರಿಗೆ ಇದು ಇತ್ತು.

ಇನ್ನು ಟವೆಲಿನ ಕೆಳಗೆ ಮುಚ್ಚಿ ಒಣಗಿಸುವ ವಿಚಾರ. ಒಡಿಶಾದಲ್ಲಿ ಮುಟ್ಟಿನ ಬಟ್ಟೆಯ ಬಗ್ಗೆ ನಡೆದ ಅಧ್ಯಯನದಲ್ಲಿ, ತೊಳೆದ ಬಟ್ಟೆಯನ್ನು ಮನೆಯೊಳಗೇ ಒಣಗಿಸಿ ಬಚ್ಚಿಡುವ ಹೆಂಗಸರಲ್ಲಿ ಸೋಂಕಿನ ತೊಂದರೆ ಹೆಚ್ಚು ಕಂಡಿತ್ತು. ಅದು ಮುಟ್ಟಿನ ಬಟ್ಟೆ, ಇದು ಒಳಉಡುಪು, ಎರಡೂ ಒಂದೇ ಅಲ್ಲ ನಿಜ. ಆದರೆ ಬಿಸಿಲಿಗೆ ಹಾಕಲು ನಾಚಿಕೆ ಎನ್ನುವ ಕಾರಣ ಎರಡಕ್ಕೂ ಒಂದೇ.

ಸೀಗೆಕಾಯಿ · ಸೋಮವಾರ, ಬೆಳಿಗ್ಗೆ 9:05

ಅದೊಂದು ಮಾತು ಒಪ್ಪಿದೆ. ನಾವೂ ಹಿತ್ತಲಿನ ಬೇಲಿಯ ಮೇಲೆ ಹಳೆಯ ಸೀರೆ ಹರಡಿ, ಅದರ ಅಡಿಯಲ್ಲಿ ಒಣಗಿಸುತ್ತಿದ್ದೆವು. ಮಳೆಗಾಲದಲ್ಲಿ ದನದ ಕೊಟ್ಟಿಗೆಯ ಗಳುವಿನ ಮೇಲೆ.

ಹೆರಿಗೆ ವಾರ್ಡ್ · ಸೋಮವಾರ, ರಾತ್ರಿ 9:30

ಸ್ತ್ರೀರೋಗ ವೈದ್ಯೆ, ಸರಕಾರಿ ಸೇವೆಯಲ್ಲಿ 19 ವರ್ಷ. ಏಲಕ್ಕಿ, ಮೊದಲು ಆ ಟ್ಯೂಬನ್ನು ನಿಲ್ಲಿಸಿ. ಪಿಜಿ ಬದಲಿಸುವ ಮಾತು ಆಮೇಲೆ.

ಟ್ಯೂಬಿನ ಮೇಲೆ ಇರುವೆ ಸಾಲಿನಂಥ ಅಕ್ಷರಗಳಿರುತ್ತವೆ, ಮೊಬೈಲಿನಲ್ಲಿ ಚಿತ್ರ ತೆಗೆದು ದೊಡ್ಡದು ಮಾಡಿ ಓದಿ. ಕ್ಲೊಬೆಟಸೋಲ್ ಅಥವಾ ಬೀಟಾಮೆಥಸೋನ್ ಎಂದು ಇದ್ದರೆ ಅದು ಸ್ಟೀರಾಯ್ಡ್. ತುರಿಕೆ ಎಂದ ಕೂಡಲೇ ನಮ್ಮ ಅಂಗಡಿಗಳಲ್ಲಿ ಕೈಗೆ ಬರುವುದು ಸ್ಟೀರಾಯ್ಡ್, ಶಿಲೀಂಧ್ರದ ಔಷಧ, ಆಂಟಿಬಯಾಟಿಕ್ ಮೂರನ್ನೂ ಕಲಸಿದ ಮುಲಾಮು. ಸ್ಟೀರಾಯ್ಡ್ ತುರಿಕೆಯ ಬಾಯಿ ಮುಚ್ಚಿಸುತ್ತದೆ, ಶಿಲೀಂಧ್ರವನ್ನು ಕೊಲ್ಲುವುದಿಲ್ಲ. ಪದೇ ಪದೇ ಹಚ್ಚಿದರೆ ಆ ಜಾಗದ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿ ಮೂತ್ರ ತಾಗಿದರೂ ಉರಿಯುತ್ತದೆ. ತೊಡೆಸಂದಿಯ ಗಜಕರ್ಣ ದೇಶದ ತುಂಬ ಔಷಧಕ್ಕೆ ಬಗ್ಗದಂತಾಗಿರುವುದಕ್ಕೆ ಈ ಮುಲಾಮುಗಳೂ ಕಾರಣ ಎಂದು ಚರ್ಮವೈದ್ಯರು ವರ್ಷಗಳಿಂದ ಕೂಗಿಕೊಳ್ಳುತ್ತಿದ್ದಾರೆ.

ಎರಡನೆಯದು ಆ ಮುಚ್ಚಳದ ದ್ರವ. ಅದನ್ನು ನೆಲ ಒರೆಸುವುದಕ್ಕೆ ಇಟ್ಟುಕೊಳ್ಳಿ. ಯೋನಿಯೊಳಗೆ ಲ್ಯಾಕ್ಟೊಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾಗಳಿರುತ್ತವೆ. ಹಾಲನ್ನು ಹೆಪ್ಪುಗಟ್ಟಿಸುವವುಗಳ ದಾಯಾದಿಗಳು ಎನ್ನಿ. ಅವು ಲ್ಯಾಕ್ಟಿಕ್ ಆಮ್ಲ ಮಾಡಿ ಒಳಗೆ ಹುಳಿ ಇಟ್ಟಿರುತ್ತವೆ, ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟು ಹುಳಿ ಹೆಚ್ಚು) 3.8ರಿಂದ 4.5ರವರೆಗೆ. ಆ ಹುಳಿಯೇ ಕಾವಲು. ಮೈಸೋಪಿನ ಪಿಎಚ್ 9–10. ದಿನಕ್ಕೆರಡು ಬಾರಿ ಒಳಗೆ ಸೋಪು, ನಂಜುನಾಶಕ, ಪರಿಮಳದ ದ್ರವ ಹಾಯಿಸುವವರು ತಮ್ಮ ಮನೆಯ ಕಾವಲುಗಾರನನ್ನು ತಾವೇ ಹೊಡೆದು ಓಡಿಸುತ್ತಾರೆ. ಒಳಗೆ ಏನನ್ನೂ ಹಾಕಿ ತೊಳೆಯಬಾರದು. ಹೊರಗೆ ಬರೀ ನೀರು ಸಾಕು. (ಹೆಪ್ಪಿನ ಮಾತು ಬಂತೆಂದು ಯಾರಾದರೂ ಮೊಸರು ಹಚ್ಚಿಕೊಂಡೀರಿ. ಅನ್ನಕ್ಕೆ ಕಲಸಿಕೊಳ್ಳಿ.)

ಇನ್ನು ನೀರು. ಟ್ಯಾಂಕರಿನ ಗಡಸು ನೀರು ನೇರವಾಗಿ ಈ ಸೋಂಕು ತರುತ್ತದೆ ಎನ್ನಲು ಆಧಾರ ಇಲ್ಲ. ಸ್ನಾನದ ನೀರು ಒಳಗೆ ಹೋಗುವುದೇ ಕಡಿಮೆ. ಆದರೆ ಗಡಸು ನೀರಿನಲ್ಲಿ ಸೋಪು ನೊರೆಯಾಗದೆ, ನೀವು ಇನ್ನಷ್ಟು ಉಜ್ಜಿ, ಜಾಲಿಸಿದರೂ ಹೋಗದ ಜಿಡ್ಡು ಬಟ್ಟೆಯಲ್ಲೂ ಚರ್ಮದಲ್ಲೂ ಉಳಿದರೆ ಚರ್ಮ ಒಣಗಿ ಕೆರಳುತ್ತದೆ. ಅದನ್ನೇ ಸೋಂಕು ಎಂದುಕೊಂಡು ಮತ್ತೆ ಮುಲಾಮು. ಒದ್ದೆ ಬಟ್ಟೆ ದಿನವಿಡೀ ಮೈಗೆ ಅಂಟಿಕೊಂಡಿದ್ದರೆ ಶಿಲೀಂಧ್ರಕ್ಕೆ ಹಿತ, ಅದು ಬೇರೆ.

ಬಿಳಿ ಹೋದದ್ದೆಲ್ಲ ಒಂದೇ ರೋಗವೂ ಅಲ್ಲ. ತಿಂಗಳ ನಡುವೆ ಮೊಟ್ಟೆಯ ಲೋಳೆಯಂತೆ ಹೋಗುವುದು ಸಹಜ, ಅದಕ್ಕೆ ಔಷಧ ಬೇಡ. ಒಡೆದ ಮೊಸರಿನಂತಿದ್ದು ತುರಿಕೆ ಇದ್ದರೆ ಬಹುಮಟ್ಟಿಗೆ ಕ್ಯಾಂಡಿಡಾ ಶಿಲೀಂಧ್ರ. ತೆಳ್ಳಗೆ, ಬೂದು ಬಣ್ಣಕ್ಕೆ, ಹಸಿಮೀನಿನ ವಾಸನೆ ಇದ್ದರೆ ಮೇಲೆ ಅಂಕಿಸಂಖ್ಯೆ ಹೇಳಿದ ವಜೈನೋಸಿಸ್. ಹಸಿರು-ಹಳದಿ, ನೊರೆನೊರೆ ಇದ್ದರೆ ಟ್ರೈಕೊಮೊನಾಸ್ ಎಂಬ ಪರಜೀವಿ ಇರಬಹುದು, ಅದು ಲೈಂಗಿಕ ಸಂಪರ್ಕದಿಂದ ಬರುವಂಥದ್ದು. ಒಂದರ ಔಷಧ ಇನ್ನೊಂದಕ್ಕೆ ನಡೆಯುವುದಿಲ್ಲ. ಆಂಟಿಬಯಾಟಿಕ್ ಸುಮ್ಮನೆ ನುಂಗಿದರೆ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಶಿಲೀಂಧ್ರ ಇನ್ನೂ ಹೆಚ್ಚುತ್ತದೆ. ಅಮೆರಿಕದ ಒಂದು ಅಧ್ಯಯನ 2002ರಲ್ಲಿ ಬಂದಿತ್ತು: ತಾವೇ ಅಂಗಡಿಯಿಂದ ಶಿಲೀಂಧ್ರದ ಔಷಧ ಕೊಂಡ 95 ಹೆಂಗಸರನ್ನು ಪರೀಕ್ಷಿಸಿದರೆ, ಬರೀ ಶಿಲೀಂಧ್ರ ಇದ್ದದ್ದು ಮೂರನೇ ಒಂದು ಪಾಲಿಗೆ ಮಾತ್ರ.

ವರ್ಷಕ್ಕೆ ಮೂರು ಸಲ ಬಂತೆಂದರೆ ಊಹೆಯ ಕಾಲ ಮುಗಿಯಿತು. ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಇಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿಸಲೇಬೇಕು.

ಹಾವೇರಿ ಏಲಕ್ಕಿ · ಸೋಮವಾರ, ರಾತ್ರಿ 10:20

ಟ್ಯೂಬಿನ ಮೇಲೆ ಕ್ಲೊಬೆಟಸೋಲ್ ಎಂದೇ ಇದೆ ಮೇಡಂ. ಆರು ತಿಂಗಳಲ್ಲಿ ನಾಲ್ಕು ಟ್ಯೂಬು ಮುಗಿಸಿದ್ದೇನೆ.

ಪರೀಕ್ಷೆಗೆ ಒಮ್ಮೆ ಹೋಗಿದ್ದೆ, ಹೇಳಿರಲಿಲ್ಲ. ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುವವರು ಎಲ್ಲರೆದುರು "ಮದುವೆ ಆಗಿದೆಯಾ?" ಎಂದು ಜೋರಾಗಿ ಕೇಳಿದರು. ಇಲ್ಲ ಎಂದೆ. ಕುಳಿತಿದ್ದವರೆಲ್ಲ ತಿರುಗಿ ನೋಡಿದರು. ಶುಲ್ಕವನ್ನೂ ವಾಪಸ್ ಕೇಳದೆ ಎದ್ದು ಬಂದೆ.

ಹೆರಿಗೆ ವಾರ್ಡ್ · ಸೋಮವಾರ, ರಾತ್ರಿ 10:45

ನಮ್ಮವರ ದಡ್ಡತನಕ್ಕೆ ನಾನೇ ಕ್ಷಮೆ ಕೇಳುತ್ತೇನೆ. ವೈದ್ಯರಿಗೆ ಬೇಕಾದದ್ದು ಲೈಂಗಿಕ ಸಂಪರ್ಕ ಇದೆಯೇ ಎಂಬ ಉತ್ತರ, ಅದೂ ಬಾಗಿಲು ಮುಚ್ಚಿದ ಕೋಣೆಯಲ್ಲಿ. ಮದುವೆಯ ಪತ್ರಿಕೆ ಅಲ್ಲ.

ಹೆದರಬೇಡಿ. ಎಲ್ಲರಿಗೂ ಒಳಗೆ ಉಪಕರಣ ಹಾಕಿ ನೋಡುವ ಅಗತ್ಯ ಇಲ್ಲ. ಹತ್ತಿ ಸುತ್ತಿದ ಕಡ್ಡಿ ಸಾಕು, ಹೇಗೆಂದು ಹೇಳಿಕೊಟ್ಟರೆ ನೀವೇ ತೆಗೆದುಕೊಡಬಹುದು. ಹಣದ ಚಿಂತೆ ಇದ್ದರೆ ದೊಡ್ಡ ಸರಕಾರಿ ಆಸ್ಪತ್ರೆಗಳಲ್ಲಿ ಇಂಥ ಸೋಂಕುಗಳಿಗೆಂದೇ ಸುರಕ್ಷಾ ಕ್ಲಿನಿಕ್ ಇರುತ್ತದೆ, ಅಲ್ಲಿ ಉಚಿತ. ಸೂಕ್ಷ್ಮದರ್ಶಕ ಇಲ್ಲದ ಕಡೆ ಹಸಿರು ಬಣ್ಣದ ಒಂದು ಪೊಟ್ಟಣ ಕೊಡುತ್ತಾರೆ: ವಜೈನೋಸಿಸ್, ಟ್ರೈಕೊಮೊನಾಸ್‌ಗೆ ಸೆಕ್ನಿಡಜೋಲ್ 2 ಗ್ರಾಂ, ಶಿಲೀಂಧ್ರಕ್ಕೆ ಫ್ಲುಕೊನಜೋಲ್ 150 ಮಿಲಿಗ್ರಾಂ. ಎರಡು ಮೂರು ಕಾರಣಗಳನ್ನು ಒಟ್ಟಿಗೆ ಹೊಡೆಯುವ ಉಪಾಯ ಅದು. ಮೊದಲ ಸಲಕ್ಕೆ ಸರಿ. ನಿಮ್ಮಂತೆ ಮರುಕಳಿಸುತ್ತಿದ್ದರೆ ಪರೀಕ್ಷೆಯನ್ನೇ ಕೇಳಿ.

ಮೂರನೇ ಮಹಡಿ · ಮಂಗಳವಾರ, ರಾತ್ರಿ 11:50

ಚಿಕ್ಕಪೇಟೆಯಲ್ಲಿ ಸೀರೆ ಅಂಗಡಿಯಲ್ಲಿ ಕೆಲಸ. ಬೆಳಿಗ್ಗೆ ಹತ್ತರಿಂದ ರಾತ್ರಿ ಒಂಬತ್ತರವರೆಗೆ ನಿಂತೇ ಇರಬೇಕು. ನಮಗೆ ಇರುವ ಶೌಚಾಲಯ ಮೂರನೇ ಮಹಡಿಯಲ್ಲಿ, ಗೋದಾಮಿನ ಪಕ್ಕ. ಬೀಗದ ಕೈ ಕ್ಯಾಷಿಯರ್ ಹತ್ತಿರ. ಕಳೆದುಹೋಗಬಾರದೆಂದು ಅದಕ್ಕೆ ಅಂಗೈಯುದ್ದದ ಮರದ ತುಂಡು ಕಟ್ಟಿದ್ದಾರೆ. ಅದನ್ನು ಹಿಡಿದು ಗಿರಾಕಿಗಳ ನಡುವೆ ಮೆಟ್ಟಿಲು ಹತ್ತಿದರೆ ಎಲ್ಲಿಗೆ ಹೋಗುತ್ತಿದ್ದೇನೆ ಎಂದು ಇಡೀ ಅಂಗಡಿಗೆ ಗೊತ್ತು. ಶ್ರಾವಣದಲ್ಲಿ, ಮದುವೆ ಕಾಲದಲ್ಲಿ ಬೀಗದ ಕೈ ಕೇಳಿದರೆ ಕ್ಯಾಷಿಯರ್ ಮುಖ ಗಂಟಿಕ್ಕುತ್ತಾನೆ.

ಅದಕ್ಕೇ ನಾವು ನಾಲ್ವರೂ ನೀರು ಕುಡಿಯುವುದಿಲ್ಲ. ಬೆಳಿಗ್ಗೆ ಒಂದು ಲೋಟ ಕಾಫಿ, ಮಧ್ಯಾಹ್ನ ಊಟಕ್ಕೆ ಎರಡು ಗುಟುಕು. ಮುಟ್ಟಾದಾಗ ಒಂದೇ ಪ್ಯಾಡಿನಲ್ಲಿ ಸಂಜೆವರೆಗೆ. ನನಗೆ ವರ್ಷಕ್ಕೆ ನಾಲ್ಕೈದು ಬಾರಿ ಉರಿಮೂತ್ರ. ಮನೆಗೆ ಹೋಗಿ ಕೂತರೆ ಹನಿಹನಿಯಾಗಿ ಬೆಂಕಿ. ಇಲ್ಲಿ ಎಲ್ಲರೂ ಬಿಳಿ ಹೋಗುವ ಬಗ್ಗೆ ಮಾತಾಡುತ್ತಿದ್ದೀರಿ, ಇದೂ ಅದೇನಾ?

ಸೂಜಿದಾರ · ಬುಧವಾರ, ಬೆಳಿಗ್ಗೆ 6:10

ತಂಗೀ, ಗಾರ್ಮೆಂಟ್ಸಿನಲ್ಲಿ ಹದಿನಾಲ್ಕು ವರ್ಷ ಟೈಲರ್ ಆಗಿದ್ದೆ, ಮೈಸೂರು ರಸ್ತೆಯ ಕಡೆ. ನೀನು ಹೇಳಿದ ಮರದ ತುಂಡು ನಮ್ಮಲ್ಲಿ ಟೋಕನ್ ಆಗಿತ್ತು. ಒಂದು ಲೈನಿಗೆ ಎರಡು ಟೋಕನ್. ಕೊರಳಿಗೆ ಹಾಕಿಕೊಂಡು ಹೋಗಬೇಕು, ಬಂದವಳು ತೆಗೆದುಕೊಟ್ಟರೆ ಮಾತ್ರ ಇನ್ನೊಬ್ಬಳು ಎದ್ದೇಳಬೇಕು. ಎದ್ದರೆ ಹಿಂದೆ ಪೀಸು ಗುಡ್ಡೆ ಬೀಳುತ್ತದೆ, ಗಂಟೆಯ ಟಾರ್ಗೆಟ್ ತಪ್ಪುತ್ತದೆ, ಸೂಪರ್‌ವೈಸರ್ ಬಾಯಿಗೆ ಬಂದಂತೆ ಬೈಯುತ್ತಾನೆ. ನೀರಿನ ಬಾಟಲಿಯನ್ನು ಮನೆಯಿಂದ ತುಂಬಿ ತಂದು ಹಾಗೆಯೇ ತುಂಬಿದ್ದನ್ನು ವಾಪಸ್ ಒಯ್ದ ದಿನಗಳು ಎಷ್ಟೋ.

1948ರ ಕಾರ್ಖಾನೆ ಕಾಯ್ದೆಯ 19ನೇ ಕಲಮಿನಲ್ಲಿ, ಕೆಲಸಗಾರರು ಕಾರ್ಖಾನೆಯಲ್ಲಿ ಇರುವಷ್ಟು ಹೊತ್ತೂ ಶೌಚಾಲಯ ಅವರಿಗೆ ಸಿಗುವಂತಿರಬೇಕು ಎಂದು ಬರೆದಿಟ್ಟಿದ್ದರು. ಸಂಘದ ಸಭೆಯಲ್ಲಿ ಅದನ್ನು ಮೊದಲ ಸಲ ಓದಿ ಹೇಳಿದಾಗ ನಮ್ಮ ಸಾಲಿನವರೆಲ್ಲ ನಕ್ಕುಬಿಟ್ಟೆವು. ಶೌಚಾಲಯ ಇರಲಿಲ್ಲ ಎಂದಲ್ಲ, ಸಾಲಾಗಿ ಇದ್ದವು. ಹೋಗಲು ಬಿಡುತ್ತಿರಲಿಲ್ಲ.

ಇನ್ನೊಂದು ಮಾತು ಓದಿದವರಿಗೆ: ಬಸ್ಸು ಉಚಿತವಾಗಿ ನಮಗೆ ದೊಡ್ಡ ಉಪಕಾರವಾಯಿತು. ಆದರೆ ಎರಡು ಗಂಟೆ ಬಸ್ಸಿನಲ್ಲಿ ಕುಳಿತು ಇಳಿದ ನಿಲ್ದಾಣದಲ್ಲಿ ಗಂಡಸು ಗೋಡೆ ನೋಡಿಕೊಳ್ಳುತ್ತಾನೆ, ನಾವು ಮನೆ ನೆನೆಸಿಕೊಳ್ಳುತ್ತೇವೆ.

ಹೆರಿಗೆ ವಾರ್ಡ್ · ಬುಧವಾರ, ರಾತ್ರಿ 9:15

ಮೂರನೇ ಮಹಡಿ, ನಿಮ್ಮದು ಮೂತ್ರನಾಳದ ಸೋಂಕು. ಜಾಗ ಪಕ್ಕಪಕ್ಕ, ರೋಗ ಬೇರೆ. ಹೆಂಗಸರ ಮೂತ್ರನಾಳ ಸುಮಾರು 4 ಸೆಂಟಿಮೀಟರ್ ಉದ್ದ ಅಷ್ಟೆ, ಕರುಳಿನ ಈ.ಕೋಲಿ ಬ್ಯಾಕ್ಟೀರಿಯಾ ಅಲ್ಲಿಂದ ಮೂತ್ರಕೋಶಕ್ಕೆ ಏರುವುದು ಸುಲಭ. ಆಗಾಗ ಮೂತ್ರ ಹೋಗುತ್ತಿದ್ದರೆ ಅದು ಕೊಚ್ಚಿಕೊಂಡು ಹೋಗುತ್ತದೆ. ನೀವು ಕುಡಿಯುವುದೂ ಇಲ್ಲ, ಹೋಗುವುದೂ ಇಲ್ಲ.

ಪದೇ ಪದೇ ಉರಿಮೂತ್ರ ಬರುವ, ನೀರು ಕಡಿಮೆ ಕುಡಿಯುವ 140 ಹೆಂಗಸರ ಮೇಲೆ ನಡೆದ ಒಂದು ಪ್ರಯೋಗ 2018ರಲ್ಲಿ ಪ್ರಕಟವಾಯಿತು. ಅರ್ಧ ಜನಕ್ಕೆ ದಿನಕ್ಕೆ ಒಂದೂವರೆ ಲೀಟರ್ ನೀರು ಹೆಚ್ಚಾಗಿ ಕುಡಿಸಿದರು. ವರ್ಷದ ಕೊನೆಗೆ ಅವರಿಗೆ ಸೋಂಕು ಬಂದದ್ದು ಸರಾಸರಿ 1.7 ಸಲ, ಉಳಿದವರಿಗೆ 3.2 ಸಲ. ಔಷಧವಲ್ಲ, ನೀರು. ಆದರೆ ಆ ಒಂದೂವರೆ ಲೀಟರ್ ಎಲ್ಲಿಗೆ ಹೋಗಬೇಕು ಎಂದು ನೀವು ಕೇಳಿದರೆ ನನ್ನ ಚೀಟಿಯಲ್ಲಿ ಉತ್ತರ ಇಲ್ಲ. ಸೂಜಿದಾರ ಅವರ ಹತ್ತಿರ ಇರಬಹುದು.

ಸದ್ಯಕ್ಕೆ ಮೂತ್ರದ ಕಲ್ಚರ್ ಪರೀಕ್ಷೆ (ಯಾವ ಬ್ಯಾಕ್ಟೀರಿಯಾ ಎಂದು ಬೆಳೆಸಿ ನೋಡುವುದು) ಮಾಡಿಸಿ. ಚಳಿಜ್ವರ, ಬೆನ್ನಿನ ಪಕ್ಕೆಯಲ್ಲಿ ನೋವು ಬಂದರೆ ಒಂದು ದಿನವೂ ಕಾಯಬೇಡಿ.

ನಿರ್ವಾಹಕ · ಗುರುವಾರ, ಬೆಳಿಗ್ಗೆ 8:00

"ಯೋನಿಯನ್ನು ಬೆಳ್ಳಗೆ ಮಾಡುವ, ಮಲ್ಲಿಗೆ ಪರಿಮಳದ ದ್ರವ" ಮಾರಲು ಬಂದಿದ್ದ ಎರಡು ಬರಹಗಳನ್ನು ತೆಗೆದಿದ್ದೇವೆ. ಮೇಲಿನ ಚರ್ಚೆಯನ್ನು ಅವರು ಓದಿರಲಿಕ್ಕಿಲ್ಲ.

ಕಡಲತೀರ · ಗುರುವಾರ, ಮಧ್ಯಾಹ್ನ 1:30

ನನಗೊಂದು ತಕರಾರಿದೆ. ನಮ್ಮ ಮಂಗಳೂರಿನ ಕಡೆ ವರ್ಷದಲ್ಲಿ ನಾಲ್ಕು ತಿಂಗಳು ಬಟ್ಟೆಯೇ ಒಣಗುವುದಿಲ್ಲ, ಬೆವರು ಬೇರೆ. ಎಲ್ಲವನ್ನೂ ಬೆಂಗಳೂರಿನ ತಲೆಗೆ ಕಟ್ಟುವುದೇಕೆ? ಹಾಗೆಯೇ ಬಿಗಿ ಜೀನ್ಸ್‌ನಿಂದಲೇ ಎಲ್ಲ ಆಗುತ್ತದೆ ಎಂದು ಕಾಲೇಜಿನಲ್ಲಿ ಭಾಷಣ ಬಿಗಿಯುತ್ತಾರಲ್ಲ, ಅದು ನಿಜವೇ?

ಹೆರಿಗೆ ವಾರ್ಡ್ · ಗುರುವಾರ, ರಾತ್ರಿ 8:40

ಜೀನ್ಸ್ ಬಗ್ಗೆ ಇರುವ ಪುರಾವೆ ದುರ್ಬಲ. ಗಾಳಿಯಾಡದ, ಬೆವರು ಹೀರದ ಬಟ್ಟೆಯಿಂದ ಕೆಲವರಿಗೆ ಕಿರಿಕಿರಿ ಹೆಚ್ಚಬಹುದು, ಹತ್ತಿ ಬಟ್ಟೆ ಹಿತ. ಅಷ್ಟಕ್ಕೆ ನಿಲ್ಲಿಸಿ. ಅದನ್ನು ಹುಡುಗಿಯರ ನಡತೆಗೆ ಗಂಟು ಹಾಕುವವರಿಗೆ ರೋಗದ ಚಿಂತೆ ಇರುವುದಿಲ್ಲ.

ಸೀಗೆಕಾಯಿ · ಶುಕ್ರವಾರ, ಬೆಳಿಗ್ಗೆ 10:10

ಡಾಕ್ಟರಮ್ಮಾ, ಇಷ್ಟೆಲ್ಲ ಓದಿದ ಮೇಲೆ ನನ್ನದೂ ಹೇಳಿಬಿಡುತ್ತೇನೆ. ನನಗೆ 58. ಮುಟ್ಟು ನಿಂತು ಏಳು ವರ್ಷ. ಸಕ್ಕರೆ ಕಾಯಿಲೆ ಇದೆ. ದೀಪಾವಳಿ ಹೊತ್ತಿಗೆ ಹೊಸ ಮಾತ್ರೆ ಬರೆದರು, ಅಲ್ಲಿಂದ ಕೆಳಗೆ ವಿಪರೀತ ತುರಿಕೆ. ರಾತ್ರಿ ನಿದ್ದೆ ಇಲ್ಲ. ಸೊಸೆಗೆ ಹೇಳಲು ನಾಚಿಕೆ. ಮೆಂತ್ಯ ಕುಡಿದೂ ಕುಡಿದೂ ಸಾಕಾಯಿತು.

ಹೆರಿಗೆ ವಾರ್ಡ್ · ಶುಕ್ರವಾರ, ಮಧ್ಯಾಹ್ನ 2:00

ಅಮ್ಮಾ, ಆ ಮಾತ್ರೆಯ ಹೆಸರಿನ ಕೊನೆಯಲ್ಲಿ "ಗ್ಲಿಫ್ಲೋಜಿನ್" ಎಂದಿದೆಯೇ ನೋಡಿ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಹೀಗೆ. ಹೃದಯಕ್ಕೂ ಮೂತ್ರಪಿಂಡಕ್ಕೂ ಒಳ್ಳೆಯ ಔಷಧ. ಆದರೆ ಅದು ಕೆಲಸ ಮಾಡುವುದೇ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕಿ. ಸಕ್ಕರೆ ತಾಗಿದ ಜಾಗದಲ್ಲಿ ಶಿಲೀಂಧ್ರಕ್ಕೆ ಹಬ್ಬದೂಟ. ಇದು ಗೊತ್ತಿರುವ ಅಡ್ಡಪರಿಣಾಮವೇ, ಬರೆದವರು ಒಂದು ಮಾತು ಹೇಳಬೇಕಿತ್ತು. ನೀವಾಗಿಯೇ ನಿಲ್ಲಿಸಬೇಡಿ, ಅವರಿಗೇ ಹೇಳಿ. ಬಹುತೇಕರಿಗೆ ಶಿಲೀಂಧ್ರದ ಔಷಧ ಕೊಟ್ಟರೆ ಸರಿಹೋಗುತ್ತದೆ.

ಮುಟ್ಟು ನಿಂತ ಮೇಲೆ ಚರ್ಮ ಒಣಗುವುದರಿಂದಲೂ ತುರಿಕೆ ಬರುತ್ತದೆ, ಅದಕ್ಕೆ ಚಿಕಿತ್ಸೆ ಬೇರೆ. ಹಾಗಾಗಿ ತೋರಿಸಿಕೊಳ್ಳಿ. ರಕ್ತದ ಒಂದು ಕಲೆ ಕಂಡರೂ ಮುಂದೂಡಬೇಡಿ. ಗರ್ಭಕೋಶದ ಕೊರಳಿನ ಪರೀಕ್ಷೆ ಆಗಲೇಬೇಕು.

ಅಂಕಿಸಂಖ್ಯೆ · ಶುಕ್ರವಾರ, ಸಂಜೆ 6:20

ನಗರದ ನಿಜವಾದ ಕೊಂಡಿ ಇದೇ ಇರಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ದೇಶವ್ಯಾಪಿ ಸಮೀಕ್ಷೆ 2023ರಲ್ಲಿ ಬಂತಲ್ಲ, ಅದರಲ್ಲಿ ಮಧುಮೇಹ ನಗರದಲ್ಲಿ ನೂರಕ್ಕೆ 16.4, ಹಳ್ಳಿಯಲ್ಲಿ 8.9. ತುರಿಕೆ ಎಂದು ಬಂದ ಮಧ್ಯವಯಸ್ಸಿನವರಿಗೆ ಮೊದಲು ರಕ್ತದ ಸಕ್ಕರೆ ನೋಡಿ ಎಂದು ನಮ್ಮ ಪ್ರೊಫೆಸರ್ ಹೇಳುತ್ತಿರುತ್ತಾರೆ.

ಮನೆಯವನು · ಶನಿವಾರ, ರಾತ್ರಿ 10:05

ಗಂಡಸು ಇಲ್ಲಿ ಬರೆಯಬಹುದೇ ಗೊತ್ತಿಲ್ಲ. ನನ್ನ ಹೆಂಡತಿಗೆ ಮೀನಿನ ವಾಸನೆಯ ತೊಂದರೆ ಎರಡು ವರ್ಷದಿಂದ. ಏಳು ದಿನ ಮೆಟ್ರೊನಿಡಜೋಲ್ ಎಂಬ ಆಂಟಿಬಯಾಟಿಕ್ ತೆಗೆದುಕೊಂಡರೆ ಹೋಗುತ್ತದೆ, ಎರಡು ತಿಂಗಳಲ್ಲಿ ಮತ್ತೆ. ಅವಳು ತನ್ನಲ್ಲೇ ಕೊಳಕಿದೆ ಎಂದುಕೊಂಡು ದಿನಕ್ಕೆ ಮೂರು ಸಲ ತೊಳೆಯುತ್ತಾಳೆ, ಪಕ್ಕದಲ್ಲಿ ಕೂರಲೂ ಹಿಂಜರಿಯುತ್ತಾಳೆ.

ಹೆರಿಗೆ ವಾರ್ಡ್ · ಶನಿವಾರ, ರಾತ್ರಿ 10:50

ಬರೆಯಬಹುದು, ಬರೆದದ್ದು ಒಳ್ಳೆಯದೇ ಆಯಿತು. ಏಕೆಂದರೆ ಈ ಸಲ ಔಷಧ ನಿಮಗೂ ಬೇಕಾಗಬಹುದು.

ಗಂಡನಿಗೆ ಚಿಕಿತ್ಸೆ ಕೊಟ್ಟು ಪ್ರಯೋಜನವಿಲ್ಲ ಎಂದೇ ನಾವು ಓದಿದ್ದು. ಆಸ್ಟ್ರೇಲಿಯಾದಲ್ಲಿ ನಡೆದು 2025ರಲ್ಲಿ ಪ್ರಕಟವಾದ ಪ್ರಯೋಗ ಅದನ್ನು ತಿರುವುಮುರುವು ಮಾಡಿತು. ಹೆಂಡತಿಯ ಜೊತೆಗೆ ಗಂಡನಿಗೂ ಏಳು ದಿನ ಮಾತ್ರೆ, ಹಚ್ಚಲು ಮುಲಾಮು ಕೊಟ್ಟಾಗ 12 ವಾರದೊಳಗೆ ಮರುಕಳಿಸಿದ್ದು ನೂರಕ್ಕೆ 35 ಹೆಂಗಸರಲ್ಲಿ. ಹೆಂಡತಿಗೆ ಮಾತ್ರ ಕೊಟ್ಟಲ್ಲಿ 63. ಇಬ್ಬರೂ ಒಟ್ಟಿಗೆ ವೈದ್ಯರ ಹತ್ತಿರ ಹೋಗಿ. ಅವಳ ದಿನಕ್ಕೆ ಮೂರು ಸಲದ ತೊಳೆಯುವಿಕೆ ನಿಲ್ಲಲಿ, ಅದು ಕೊಳಕಿನ ರೋಗವೇ ಅಲ್ಲ. ಈ ಮಾತನ್ನು ನೀವೇ ಅವಳಿಗೆ ಹೇಳಬೇಕು.

ಹಾವೇರಿ ಏಲಕ್ಕಿ · ನಾಲ್ಕು ವಾರಗಳ ನಂತರ

ಫಲಿತಾಂಶ ತಿಳಿಸಲು ಬಂದೆ. ಬೇರೆ ಆಸ್ಪತ್ರೆಗೆ ಹೋದೆ. ಕಡ್ಡಿ ನಾನೇ ತೆಗೆದುಕೊಟ್ಟೆ, ಎರಡು ನಿಮಿಷದ ಕೆಲಸ. ಶಿಲೀಂಧ್ರ ಇಲ್ಲ, ಬ್ಯಾಕ್ಟೀರಿಯಾದ ತೊಂದರೆಯೂ ಇಲ್ಲ! ಮೊದಲ ಸಲ ಶಿಲೀಂಧ್ರ ಇದ್ದಿರಬಹುದು, ಈಗಿನ ಉರಿ ಮುಲಾಮು ಮತ್ತು ನಂಜುನಾಶಕದ್ದು ಎಂದರು. ಎರಡನ್ನೂ ಬಿಟ್ಟ ಮೊದಲ ವಾರ ತುರಿಕೆ ಇನ್ನೂ ಕೆರಳಿತು, ಅಳುವಂತಾಯಿತು. ಅದು ಸ್ಟೀರಾಯ್ಡ್ ಬಿಟ್ಟಾಗ ಆಗುವುದೇ ಎಂದು ಅವರು ಮೊದಲೇ ಹೇಳಿದ್ದರಿಂದ ತಡೆದುಕೊಂಡೆ. ಈಗ ನೆಟ್ಟಗೆ ಕೂರುತ್ತೇನೆ.

ಪಿಜಿ ಬದಲಿಸಿಲ್ಲ. ನಾವು ಆರೂ ಜನ ಸೇರಿ ಮಾಲೀಕರ ಹೆಂಡತಿಯ ಹತ್ತಿರ ಹೋಗಿ ಮಹಡಿಯ ಹಿಂಬದಿಯ ತಂತಿ ಕೇಳಿದೆವು. ನೀರಿನ ಟ್ಯಾಂಕಿನ ಹಿಂದೆ ಕೊಟ್ಟಿದ್ದಾರೆ. ಬೆಳಿಗ್ಗೆ ಹನ್ನೊಂದರವರೆಗೆ ಬಿಸಿಲು ಬೀಳುತ್ತದೆ. ಗೊತ್ತಾದದ್ದೇನೆಂದರೆ, ಆ ಟ್ಯೂಬು ನಮ್ಮಲ್ಲಿ ಇನ್ನಿಬ್ಬರ ದಿಂಬಿನ ಕೆಳಗೂ ಇತ್ತು.

ಮೂರನೇ ಮಹಡಿ · ಅದೇ ದಿನ, ರಾತ್ರಿ 11:40

ನನ್ನದೂ ಒಂದು ಸುದ್ದಿ. ಹೋದ ವಾರ ಯಜಮಾನರ ಮಗಳು ಅಂಗಡಿಗೆ ಬಂದಿದ್ದಳು, ತುಂಬು ಬಸುರಿ. ಅವಸರವಾಗಿ ಹೋಗಬೇಕಾಯಿತು. ಕ್ಯಾಷಿಯರ್ ಊಟಕ್ಕೆ ಹೋಗಿದ್ದ, ಬೀಗದ ಕೈ ಅವನ ಜೇಬಿನಲ್ಲಿ. ಮರದ ತುಂಡು ಸಮೇತ. ಇಪ್ಪತ್ತು ನಿಮಿಷ ಅವಳು ಸೀರೆ ಗಂಟುಗಳ ಮೇಲೆ ಹಲ್ಲುಕಚ್ಚಿ ಕುಳಿತಿದ್ದಳು. ಮರುದಿನ ಬೀಗವನ್ನೇ ತೆಗೆಸಿದರು.

ಒಳಗಿನ ಚಿಲಕ ಮಾತ್ರ ಇಲ್ಲ. ಒಬ್ಬಳು ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲುತ್ತೇವೆ. ಕಲ್ಚರ್ ಪರೀಕ್ಷೆಗೆ ಸೋಮವಾರ ರಜೆ ಕೇಳಿದ್ದೇನೆ.